ತಂಬಿಟ್ಟಿನ ಆರತಿ, ಇಪ್ಪತ್ತು ಅಡಿ ನಾಳ

ಬಸವನಗುಡಿಯ ನಮ್ಮ ಅತ್ತೆಯ ಮನೆಯಲ್ಲಿ ಪ್ರತಿ ಬೇಸಿಗೆ ಒಂದು ಮಂಗಳವಾರ ಮಾರಮ್ಮನಿಗೆ ತಂಪು ಮಾಡುತ್ತಿದ್ದರು. ಅವರು ಹಳ್ಳಿ ಬಿಟ್ಟು ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಆ ಒಂದು ದಿನ ಮಾತ್ರ ಮೊಸರನ್ನ, ಬೇವಿನ ಸೊಪ್ಪು, ತಂಬಿಟ್ಟಿನ ದೀಪ ಎಲ್ಲವೂ ಹಳ್ಳಿಯಲ್ಲಿ ನಡೆದ ಹಾಗೆಯೇ ನಡೆಯಬೇಕು. ದೇವಿಗೆ ಆರತಿಯಾದ ಮೇಲೆ ಎರಡನೆಯ ಆರತಿ ನನ್ನ ಗಂಡನಿಗೆ. ಐದು ವರ್ಷದವನಿದ್ದಾಗ ಅವನಿಗೆ ಸಿಡುಬು ಬಂದಿತ್ತು. ಆ ಮನೆಯಲ್ಲಿ ಸಿಡುಬು ಅನ್ನುವ ಹಾಗಿಲ್ಲ, ಅಮ್ಮ ಬಂದಿದ್ದಳು ಅನ್ನಬೇಕು. ಅದೇ ಚಾಪೆಯ ಮೇಲೆ ಮಲಗಿದ್ದ ತಂಗಿ ತೀರಿಕೊಂಡಳು, ಇವನು ಉಳಿದ. ಮುಖದ ತುಂಬ ಕಲೆಯೂ ಉಳಿಯಿತು. ಅಮ್ಮನೇ ಮುಟ್ಟಿ ಉಳಿಸಿಕೊಟ್ಟ ಮಗ ಎಂದು ಅವನನ್ನು ಮಣೆಯ ಮೇಲೆ ಕೂರಿಸಿ, ಬಂದ ಹೆಂಗಸರೆಲ್ಲ ಆರತಿ ಎತ್ತಿ, ಆ ಕಲೆಗಳನ್ನು ಬೆರಳಿನಿಂದ ಸವರಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮೂವತ್ತು ದಾಟಿದ ಸರ್ಕಾರಿ ಗುಮಾಸ್ತ, ಹೊಸ ಪಂಚೆ ಉಟ್ಟು ಮದುಮಗನ ಹಾಗೆ ಕೂತಿರುತ್ತಿದ್ದ.

ನನ್ನ ಮದುವೆಯಾಗಿ ಐದನೆಯ ವರ್ಷದ ತಂಪು ಅದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಸರದಿ ಬಂತೆಂದು ಆರತಿ ತಟ್ಟೆಗೆ ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ನೀನ್ ಬೇಡ ಕಣಮ್ಮ. ಮಡ್ಲು ತುಂಬಿರೋರು ಎತ್ಲಿ. ಬಂಜೆ ಕೈಯಿಂದ ಆರತಿ ಎತ್ಸಿದ್ರೆ ಅಮ್ಮ ಮುನಿಸ್ಕೋತಾಳೆ."

ನಡುಮನೆಯ ತುಂಬ ಹೆಂಗಸರು. ಯಾರೋ ಹಿಂದಿನಿಂದ ಕಿಸಕ್ಕೆಂದರು. ನನ್ನ ಗಂಡ ತನ್ನ ಕಾಲಿನ ಹೆಬ್ಬೆರಳು ನೋಡುತ್ತ ಕೂತಿದ್ದ. ನಾನು ತಟ್ಟೆ ಬಿಟ್ಟು ಅಡುಗೆಮನೆಗೆ ಹೋಗಿ ಮೊಸರನ್ನಕ್ಕೆ ಒಗ್ಗರಣೆ ಹಾಕಿದೆ. ಇದೇ ನಡುಮನೆಯಲ್ಲಿ, ಇದೇ ಹೆಂಗಸರ ಎದುರಿಗೆ, ಆ ಮಾತನ್ನು ಈ ಮುದುಕಿಗೆ ವಾಪಸ್ ನುಂಗಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂತ ಒಗ್ಗರಣೆ ಸೌಟು ಹಿಡಿದುಕೊಂಡೇ ಅಂದುಕೊಂಡೆ. ಅಂದುಕೊಂಡಿದ್ದನ್ನು ಮಾಡಿದೆ. ಹೇಗೆ ಮಾಡಿದೆ, ಏನು ಕಳೆದುಕೊಂಡೆ ಅನ್ನುವುದನ್ನು ಹೇಳುತ್ತೇನೆ.

ಬಿಎಸ್ಸಿ ಓದಿದವಳು ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ನಾನೇ ಹಟ ಹಿಡಿದು ಚಾಮರಾಜಪೇಟೆಯ ಒಂದು ಸಣ್ಣ ಲ್ಯಾಬಿಗೆ ಕೆಲಸಕ್ಕೆ ಸೇರಿದ್ದೆ. ಮೊದಲನೆಯ ಮಹಡಿ, ಎರಡು ಕೋಣೆ, ಒಂದು ಬಚ್ಚಲು. ಲ್ಯಾಬು ನಡೆಸುತ್ತಿದ್ದವರು ಒಬ್ಬ ಡಾಕ್ಟ್ರಮ್ಮ. ಐವತ್ತು ದಾಟಿದ ಹೆಂಗಸು, ಮದುವೆಯಾಗಿರಲಿಲ್ಲ, ಬಾಯಿ ಜೋರು. ರಕ್ತ, ಮೂತ್ರ, ಕಫ ಎಲ್ಲ ಮೊದಲ ಆರು ತಿಂಗಳಲ್ಲೇ ಕಲಿತೆ. ವೀರ್ಯದ ಬಾಟಲಿ ಬಂದರೆ ಮಾತ್ರ ಅದನ್ನು ಡಾಕ್ಟ್ರಮ್ಮನ ಮೇಜಿನ ಮೇಲಿಟ್ಟು ಬೇರೆ ಕಡೆ ನೋಡುತ್ತಿದ್ದೆ.

"ಏನಮ್ಮ, ಕಚ್ಚುತ್ತಾ ಅದು? ಬಾ ಇಲ್ಲಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡು," ಅಂದರು ಒಂದು ದಿನ.

ನೋಡಿದೆ. ಗಾಜಿನ ಮೇಲೆ ಒಂದು ಹನಿ, ಅದರೊಳಗೆ ಜಾತ್ರೆ. ಓಡುತ್ತಿದ್ದವು, ಡಿಕ್ಕಿ ಹೊಡೆಯುತ್ತಿದ್ದವು, ಕೆಲವು ಇದ್ದಲ್ಲೇ ಗಿರಗಿರ ಸುತ್ತುತ್ತಿದ್ದವು. ನನಗೆ ನಾಚಿಕೆ ಹೋಗಿ ಕುತೂಹಲ ಬಂತು.

"ಹುಟ್ಟಿದ ತಕ್ಷಣ ಇವಕ್ಕೆ ಈಜಕ್ಕೆ ಬರಲ್ಲ, ಗೊತ್ತಾ?" ಅಂದರು ಡಾಕ್ಟ್ರಮ್ಮ. "ವೃಷಣದಲ್ಲಿ ಹುಟ್ಟಿ, ತಲೆ ಬಾಲ ಎಲ್ಲ ಮೂಡೋಕೇ ಎರಡು ತಿಂಗಳು ಮೇಲಾಗುತ್ತೆ. ಆಮೇಲೂ ಶುದ್ಧ ದಡ್ಡ ಮುಂಡೇವು. ಬಾಲ ಇರುತ್ತೆ, ಆಡ್ಸಕ್ಕೆ ಬರಲ್ಲ. ಮೊಟ್ಟೆ ಎದುರಿಗೆ ಬಿಟ್ರೂ ಸುಮ್ನೆ ಬಿದ್ದಿರುತ್ವೆ."

"ಮತ್ತೆ ಇವು ಓಡ್ತಿದಾವಲ್ಲ ಮೇಡಂ?"

"ಅದಕ್ಕೇ ಒಂದು ನಾಳ ಇರೋದು. ಎಪಿಡಿಡೈಮಿಸ್ ಅಂತ. ವೃಷಣದ ಬೆನ್ನಿಗೆ ಅಂಟ್ಕೊಂಡಿರುತ್ತೆ, ನಿನ್ನ ಬೆರಳಿನಷ್ಟು. ಆದ್ರೆ ಸುರುಳಿ ಬಿಚ್ಚಿ ಎಳೆದ್ರೆ ಇಪ್ಪತ್ತು ಅಡಿ. ದಾರದಷ್ಟು ತೆಳ್ಳಗೆ. ಅದರಲ್ಲಿ ಹತ್ತು ಹನ್ನೆರಡು ದಿನ ತಳ್ಕೊಂಡು ತಳ್ಕೊಂಡು ಹೋಗ್ಬೇಕು. ಆ ದಾರೀಲೇ ಬಲಿಯೋದು. ಇಗೋ, ಇದರ ಕತ್ತಿನ ಹತ್ರ ಒಂದು ಹನಿ ಅಂಟ್ಕೊಂಡಿದೆ ನೋಡು. ಇದು ಇನ್ನೂ ಎಳಸು. ಬಲಿತಾ ಬಲಿತಾ ಆ ಹನಿ ಬಾಲಕ್ಕೆ ಜಾರಿ ಕಳಚ್ಕೊಳ್ಳುತ್ತೆ. ನಾಳದ ಗೋಡೆಯಿಂದ ಏನೇನೋ ಒಸರುತ್ತೆ, ಅದನ್ನೆಲ್ಲ ಮೈಗೆ ಬಳ್ಕೊಳ್ಳುತ್ತೆ. ನಾಳದ ತುದಿಗೆ ಬರೋ ಹೊತ್ತಿಗೆ ಈಜೋ ಶಕ್ತಿ ಬಂದಿರುತ್ತೆ. ಅಲ್ಲೇ ಕಾಯ್ತಾ ಕೂತಿರುತ್ವೆ."

ಅವತ್ತಿನಿಂದ ಆ ಬಾಟಲಿಗಳೆಲ್ಲ ನನ್ನ ಪಾಲಿಗೆ ಬಂದವು. ಜ್ವರ ಬಂದ ಗಂಡಸಿನ ವೀರ್ಯದಲ್ಲಿ ಆ ಜ್ವರದ ಹಾನಿ ಎರಡು ತಿಂಗಳಾದ ಮೇಲೂ ಕಾಣುತ್ತದೆ ಅನ್ನುವುದನ್ನು ಕಲಿತೆ. ಆಗ ತಾನೇ ಬಂದ ವೀರ್ಯ ಮೊದಲು ಗಂಜಿಯ ಹಾಗೆ ಗಟ್ಟಿಯಾಗಿದ್ದು, ನೀರಾಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು ಅನ್ನುವುದನ್ನೂ ಕಲಿತೆ. ಅಲ್ಲಿಯವರೆಗೆ ಬಾಟಲಿಯನ್ನು ಅಲುಗಾಡಿಸದೆ ಕಾಯಬೇಕಿತ್ತು. ವೀರ್ಯಾಣು ಬಲಿತ ಹಾಗೆ ನನ್ನ ಸಿಟ್ಟೂ ನಿಧಾನವಾಗಿ ಬಲಿಯಿತು ಅಂತೆಲ್ಲ ಬರೆಯಬಹುದು, ಚೆನ್ನಾಗಿಯೂ ಕಾಣುತ್ತದೆ. ಆದರೆ ಅದು ಸುಳ್ಳು. ನನ್ನ ಸಿಟ್ಟು ಹುಟ್ಟಿದ ದಿನವೇ ಓಡುತ್ತಿತ್ತು.

ಆ ಹೊತ್ತಿಗೆ ನನಗೆ ಎಲ್ಲ ಪರೀಕ್ಷೆಯೂ ಆಗಿತ್ತು. ಗರ್ಭಕೋಶ ಕೆರೆದು ನೋಡಿದ್ದರು. ಬಣ್ಣದ ದ್ರವ ಬಿಟ್ಟು ಎಕ್ಸ್-ರೇ ತೆಗೆದಾಗ ನೋವಿಗೆ ಮಂಚದ ಕಂಬಿ ಹಿಡಿದು ಕಿರುಚಿದ್ದೆ. ಏನೂ ದೋಷ ಇಲ್ಲ ಎಂದು ಬರೆದುಕೊಟ್ಟರು. ಅತ್ತೆ ಆ ಕಾಗದವನ್ನು ಮುಟ್ಟಲೂ ಇಲ್ಲ. ಅಶ್ವತ್ಥಕಟ್ಟೆ ಸುತ್ತು ಅಂದರು, ಒದ್ದೆ ಸೀರೆಯಲ್ಲಿ ದಿನಾ ಬೆಳಿಗ್ಗೆ ನೂರೆಂಟು ಸಲ ಸುತ್ತಿದೆ. ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. "ಅವರನ್ನೂ ಒಂದ್ಸಲ ತೋರ್ಸೋಣ ಅತ್ತೆ" ಅಂದಿದ್ದಕ್ಕೆ ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಅಮ್ಮ ಮುಟ್ಟಿ ಉಳ್ಸಿರೋ ಮಗ ಕಣೇ ಅವ್ನು. ಅವನಲ್ಲಿ ಐಬು ಹುಡುಕ್ತೀಯಾ? ನಾಲಿಗೆ ಸೇದೋಗುತ್ತೆ!"

ಇದಾದ ಸ್ವಲ್ಪ ದಿನಕ್ಕೇ ಅತ್ತೆಯ ತಮ್ಮನ ಮಗಳ ಮಾತು ಬಂತು. ಹಳ್ಳಿಯ ಹುಡುಗಿ, ಹತ್ತೊಂಬತ್ತು ವರ್ಷ. ಸರ್ಕಾರಿ ಕೆಲಸದಲ್ಲಿರುವವನು ಹೆಂಡತಿ ಇರುವಾಗ ಇನ್ನೊಂದು ಮದುವೆಯಾದರೆ ಕೆಲಸ ಹೋಗುತ್ತದೆ. ಹಾಗಾಗಿ ನಾನೇ ಒಪ್ಪಿ ವಿಚ್ಛೇದನಕ್ಕೆ ಸಹಿ ಹಾಕಬೇಕಂತೆ.

"ಹಾಕ್ತೀನಿ," ಅಂದೆ ಗಂಡನಿಗೆ. "ಆದ್ರೆ ನೀವು ಒಂದೇ ಒಂದು ಸಲ ನಮ್ಮ ಲ್ಯಾಬಿಗೆ ಬಂದು ಪರೀಕ್ಷೆ ಮಾಡಿಸ್ಕೋಬೇಕು. ಅಮ್ಮನಿಗೆ ಹೇಳ್ಬೇಡಿ."

ಒಪ್ಪಿದ. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಆಫೀಸಿನ ಊಟದ ಚೀಲ ಹೆಗಲಿಗೆ ಹಾಕಿಕೊಂಡೇ ಬಂದ. ಬಾಟಲಿ ಕೊಟ್ಟೆ. ಬಚ್ಚಲಿಗೆ ಹೋಗಿ ಐದೇ ನಿಮಿಷಕ್ಕೆ ಹೊರಗೆ ಬಂದು ಬಾಟಲಿ ನನ್ನ ಕೈಗಿಟ್ಟ. ಕಾಯಬೇಕಾದ ಅರ್ಧ ಗಂಟೆಯನ್ನೂ ಮರೆತು ನಾನು ತಕ್ಷಣ ಒಂದು ಹನಿ ಗಾಜಿಗೆ ಹಾಕಿ ಕಣ್ಣಿಟ್ಟೆ.

ಜಾತ್ರೆ. ಓಡುತ್ತಿದ್ದವು, ಒಂದಕ್ಕಿಂತ ಒಂದು ಚುರುಕು. ಹಾಗಾದರೆ ಮುದುಕಿ ಹೇಳಿದ್ದೇ ನಿಜ, ನಾನೇ ಬಂಜೆ ಅಂದುಕೊಂಡೆ. ಡಾಕ್ಟ್ರಮ್ಮ ಬಂದು ಬಾಟಲಿ ಎತ್ತಿ ಓರೆ ಮಾಡಿದರು.

"ಎಷ್ಟು ಹೊತ್ತಾಯ್ತು?"

"ಈಗ ತಾನೇ ಮೇಡಂ. ಐದು ನಿಮಿಷ."

"ಐದು ನಿಮಿಷಕ್ಕೇ ನೀರಾಗಿದ್ಯಾ? ಮುಟ್ಟಿ ನೋಡೇ, ಬಾಟಲಿ ಐಸ್ ಥರ ಇದೆ. ಆರು ವರ್ಷ ಸಂಸಾರ ಮಾಡಿ ನಿನ್ನ ಗಂಡನ ಬುದ್ಧಿ ನಿಂಗೆ ಗೊತ್ತಿಲ್ವಾ? ಕರಿ ಅವನನ್ನ."

ಗದರಿಸಿದ ಎರಡನೇ ಮಾತಿಗೇ ಬಾಯಿ ಬಿಟ್ಟ. ಕುಮಾರ ಪಾರ್ಕಿನಲ್ಲಿದ್ದ ಆಫೀಸಿನ ಗೆಳೆಯನದಂತೆ. ಮೂರು ಮಕ್ಕಳ ತಂದೆ. ಆ ಗೆಳೆಯ ಕೊಟ್ಟಿದ್ದನ್ನು ಊಟದ ಚೀಲದಲ್ಲಿ, ನಾನೇ ಬೆಳಿಗ್ಗೆ ಎದ್ದು ಕಲಸಿ ಕಟ್ಟಿದ್ದ ಮೊಸರನ್ನದ ಡಬ್ಬಿಯ ಪಕ್ಕ ಇಟ್ಟುಕೊಂಡು ಸ್ಕೂಟರಿನಲ್ಲಿ ತಂದಿದ್ದ. ಬಚ್ಚಲಲ್ಲಿ ನಿಂತು ಬಗ್ಗಿಸಿಕೊಂಡ, ಅಷ್ಟೆ.

"ಯಾಕ್ರೀ ಹೀಗ್ ಮಾಡಿದ್ರಿ?" ಅಂದೆ.

ಅವನು ಹೇಳಿದ್ದು ಕೇಳಿ. ಮದುವೆಯಾದ ಮೂರನೆಯ ವರ್ಷವೇ ಬೇರೆ ಕಡೆ ಗುಟ್ಟಾಗಿ ಪರೀಕ್ಷೆ ಮಾಡಿಸಿಕೊಂಡಿದ್ದನಂತೆ. ಒಂದೂ ಇಲ್ಲ ಅಂದಿದ್ದರಂತೆ. ಗೊತ್ತಿತ್ತು ಅವನಿಗೆ. ನಾನು ಮಂಚದ ಕಂಬಿ ಹಿಡಿದು ಕಿರುಚುವಾಗ ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತ ಕೂತಿದ್ದನಲ್ಲ, ಆಗಲೇ ಗೊತ್ತಿತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದಾಗಲೂ ಗೊತ್ತಿತ್ತು. ಅಲ್ಲಿಯವರೆಗೆ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದೆ. ಮನಸ್ಸಿನೊಳಗೆ ಅವತ್ತೇ ಅವರು ಹೋಗಿ ಅವನು ಆದ.

ನಾಲ್ಕು ದಿನ ಬಿಟ್ಟು ಅವನದನ್ನೇ ಕೊಡಿಸಿಕೊಂಡೆವು. ಬಣ್ಣ ಸರಿ, ಪ್ರಮಾಣ ಸರಿ. ಹನಿ ಹನಿಯಾಗಿ ಎಲ್ಲವನ್ನೂ ನೋಡಿದೆ. ಮಿಷನ್ನಿನಲ್ಲಿ ತಿರುಗಿಸಿ ತಳದಲ್ಲಿ ಕೂತಿದ್ದನ್ನೂ ನೋಡಿದೆ. ಖಾಲಿ. ಕೆಳಗಿನ ಮಹಡಿಯಲ್ಲಿ ಕೂರುತ್ತಿದ್ದ ಸರ್ಜನ್ ಒಬ್ಬರು ಅವನನ್ನು ಪರೀಕ್ಷೆ ಮಾಡಿ ಬಂದು ಹೇಳಿದರು, "ಹುಟ್ಟೋ ಕಡೆ ಏನೂ ತೊಂದ್ರೆ ಇಲ್ಲ ಅನ್ಸುತ್ತೆ. ನಾಳದ ತುದಿ ಎರಡೂ ಕಡೆ ಗಟ್ಟಿಯಾಗಿ ಮುಚ್ಚಿಹೋಗಿದೆ. ಚಿಕ್ಕೋನಿದ್ದಾಗ ಸಿಡುಬು ಆಗಿತ್ತಲ್ಲ, ಅದರ ಕೆಲಸ. ಇಂಥವರನ್ನ ಬೇಕಾದಷ್ಟು ನೋಡಿದೀನಿ."

ಆ ಇಪ್ಪತ್ತು ಅಡಿಯನ್ನೂ ದಾಟಿ, ಬಲಿತು, ಈಜಲು ತಯಾರಾಗಿ ಬಂದು ಮುಚ್ಚಿದ ಬಾಗಿಲ ಹಿಂದೆ ಸಾಯುತ್ತಿದ್ದವು. ಬಾಗಿಲು ಹಾಕಿದವಳು, ಅತ್ತೆ ಯಾರ ಮುಂದೆ ವರ್ಷವರ್ಷ ತಂಬಿಟ್ಟಿನ ದೀಪ ಹಚ್ಚುತ್ತಿದ್ದರೋ ಅದೇ ಮಾರಮ್ಮ. ನನಗೆ ಜೋರಾಗಿ ನಗು ಬಂತು. ಸರ್ಜನ್ ಏನೋ ಆಗಿದೆ ಇವಳಿಗೆ ಅನ್ನುವ ಹಾಗೆ ನೋಡಿದರು. ಮುಚ್ಚಿದ ಜಾಗ ದಾಟಿಸಿ ನಾಳವನ್ನು ಜೋಡಿಸುವ ಆಪರೇಷನ್ ಇದೆ, ಆದರೂ ಆಗಬಹುದು ಆಗದೆಯೂ ಇರಬಹುದು ಅಂದರು. ಅವನು ಬೇಡ ಅಂದ. ಆಸ್ಪತ್ರೆ ಸೇರಿದರೆ ಅಮ್ಮನಿಗೆ ಗೊತ್ತಾಗುತ್ತದೆ ಅನ್ನುವುದೇ ಅವನ ಭಯ.

ಡಾಕ್ಟ್ರಮ್ಮ ರಿಪೋರ್ಟ್ ಟೈಪ್ ಮಾಡಿಸಿ ಸಹಿ ಹಾಕಿದರು. ಅವನು ಅದನ್ನು ಲ್ಯಾಬಿನ ಮೆಟ್ಟಿಲ ಮೇಲೇ ಹರಿದು ಹಾಕಿ ನನ್ನ ಕೈ ಹಿಡಿದು ಅತ್ತ.

"ಅಮ್ಮನಿಗೆ ಹೇಳ್ಬೇಡ ಕಣೇ. ಸತ್ತೇ ಹೋಗ್ತಾಳೆ. ನೀನು ಏನ್ ಕೇಳಿದ್ರೂ ಕೊಡ್ತೀನಿ."

ಆ ಸಂಜೆಯೇ ಮನೆಗೆ ಹೋಗಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕನಿಕರದಿಂದ ಅಂದುಕೊಳ್ಳಬೇಡಿ, ಕನಿಕರ ಗಿನಿಕರ ಏನೂ ಇರಲಿಲ್ಲ. ಒಂದು ಸಂಜೆಯ ಅಳುವಿಗೆ ಮುಗಿದುಹೋಗುವ ಶಿಕ್ಷೆ ನನಗೆ ಸಾಲದು ಅನ್ನಿಸಿತು. ತರಲಿ, ಎರಡನೆಯ ಸೊಸೆಯನ್ನು ತರಲಿ. ನಾನು ತಿಂಗಳು ತಿಂಗಳೂ ಕಾದ ಹಾಗೆ ಮುದುಕಿಯೂ ಕಾಯಲಿ. ಮೊಮ್ಮಗನಿಗೆ ತೊಟ್ಟಿಲು ತೊಳೆದಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲಿ. ಅತ್ತು ಸುಸ್ತಾಗಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ರಿಪೋರ್ಟಿನ ಕಾರ್ಬನ್ ಪ್ರತಿಯೊಂದು ಲ್ಯಾಬಿನಲ್ಲಿತ್ತು. ಅದನ್ನು ಮಡಿಸಿ ನನ್ನ ಪರ್ಸಿಗೆ ಹಾಕಿಕೊಂಡೆ. ಅದು ತಪ್ಪು ಅಂತ ಗೊತ್ತು, ನಮ್ಮ ಕೆಲಸದಲ್ಲಿ ಹಾಗೆ ಮಾಡಬಾರದು. ಹಾಕಿಕೊಂಡೆ.

ಸಹಿ ಹಾಕಿ ತ್ಯಾಗರಾಜನಗರದ ತವರಿಗೆ ಹೊರಟ ದಿನ ಅತ್ತೆ ನನ್ನ ಕಿವಿಯ ಕೆಂಪಿನ ಓಲೆ ಬಿಚ್ಚಿಸಿಕೊಂಡರು. "ಇದು ಈ ಮನೆ ಸೊಸೆಗೆ ಸೇರಿದ್ದು" ಅಂದರು. ಕೊಟ್ಟೆ.

ಕೋರ್ಟಿನ ಕೆಲಸ ಮುಗಿಯಲು ಒಂದು ವರ್ಷ ಹಿಡಿಯಿತು. ಅವರ ಮದುವೆಗೆ ತಿಂಗಳಿದ್ದಾಗ ಒಂದು ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಆ ಹುಡುಗಿ ಸಿಕ್ಕಿದಳು. ಸೀರೆ ತರಲು ಬಂದಿದ್ದ ಅವಳ ಮನೆಯವರು ಎದುರಿನ ಅಂಗಡಿಯಲ್ಲಿದ್ದರು. ನನ್ನನ್ನು ನೋಡಿ ಓಡಿ ಬಂದಳು.

"ಅಕ್ಕಾ, ನನ್ನ ಮೇಲೆ ಕೋಪ ಇದ್ಯಾ? ನಾನ್ ಬೇಡ ಅಂದೆ ಅಕ್ಕಾ, ಅಪ್ಪಯ್ಯ ಕೇಳ್ಲಿಲ್ಲ. ನೀವು ಬೇಡ ಅಂದ್ರೆ ಈಗ್ಲೂ ಹಟ ಹಿಡೀತೀನಿ. ಹೇಳಿ ಅಕ್ಕಾ, ಮಾಡ್ಕೊಳ್ಲಾ?"

ಪರ್ಸು ನನ್ನ ಹೆಗಲಲ್ಲೇ ಇತ್ತು.

"ಮಾಡ್ಕೋ. ಒಳ್ಳೇರು," ಅಂದೆ. ಬಿಸಿ ಹೋಳಿಗೆ ಕೊಡಿಸಿದೆ. ತುಪ್ಪ ಮೊಣಕೈವರೆಗೆ ಇಳಿಯುತ್ತಿದ್ದರೂ ನಗುನಗುತ್ತ ತಿಂದಳು.

ನಾಲ್ಕು ವರ್ಷ ಕಳೆಯಿತು. ಬಸವನಗುಡಿಯ ಕಡೆಯ ಸುದ್ದಿ ಯಾರಾದರೂ ತರುತ್ತಲೇ ಇದ್ದರು. ಇನ್ನೂ ಏನೂ ಇಲ್ಲವಂತೆ ಅಂದಾಗಲೆಲ್ಲ ನನಗೆ ಅವತ್ತಿನ ಊಟ ರುಚಿಸುತ್ತಿತ್ತು. ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ಚೀಟಿ ಇಸಿದುಕೊಂಡು, ರಕ್ತ ತೆಗೆಯಲು ಸೂಜಿ ಹಿಡಿದು ತಿರುಗಿದರೆ ಎದುರಿನ ಸ್ಟೂಲಿನ ಮೇಲೆ ಕೂತವಳ ಕಿವಿಯಲ್ಲಿ ನನ್ನ ಕೆಂಪಿನ ಓಲೆ. ಗರ್ಭಕೋಶ ಕೆರೆಯುವ ಮುಂಚಿನ ರಕ್ತಪರೀಕ್ಷೆಗೆ ಬಂದಿದ್ದಳು. ಎರಡನೆಯ ಸಲವಂತೆ. ಬಣ್ಣದ ಎಕ್ಸ್-ರೇ ಆಗಿತ್ತಂತೆ. ಚಪ್ಪಲಿ ಬಿಚ್ಚಿ ಕೂತಿದ್ದಳು, ಹಿಮ್ಮಡಿಯೆಲ್ಲ ಒಡೆದಿತ್ತು. ಕೇಳುವ ಅಗತ್ಯವೇ ಇರಲಿಲ್ಲ, ಯಾವ ಕಟ್ಟೆ ಸುತ್ತಿದ್ದಳು ಅಂತ ನನಗೆ ಗೊತ್ತಿತ್ತು.

"ಅಕ್ಕಾ, ಬರೋ ಮಂಗಳವಾರ ತಂಪು. ಹೋದ ವರ್ಷ ಆರತಿ ಮುಟ್ಟಕ್ಕೆ ಬಿಡ್ಲಿಲ್ಲ ಅತ್ತೆ," ಅಂದಳು. ಅಳಲೂ ಇಲ್ಲ.

ನಾನು ಸೂಜಿ ಕೆಳಗಿಟ್ಟೆ. "ನಿಂಗೆ ಈ ಪರೀಕ್ಷೆ ಯಾವ್ದೂ ಬೇಡ. ಮಂಗಳವಾರ ನಾನೂ ಬರ್ತೀನಿ," ಅಂದೆ.

ಹೋದೆ. ಅದೇ ನಡುಮನೆ, ಅವೇ ಮುಖಗಳು, ಒಂದಿಷ್ಟು ನರೆತಿದ್ದವು. ಅವನು ಮಣೆಯ ಮೇಲೆ ಕೂತಿದ್ದ. ಆರತಿ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ನನ್ನನ್ನು ನೋಡಿ ಅತ್ತೆ ಎದ್ದು ನಿಂತರು.

"ನಿನ್ನ ಯಾರೇ ಕರೆದ್ರು?"

"ಆರತಿ ಎತ್ತಕ್ಕೆ ಬಂದಿಲ್ಲ, ಗಾಬ್ರಿ ಆಗ್ಬೇಡಿ," ಅಂದೆ. ಪರ್ಸಿನಿಂದ ಕಾಗದ ತೆಗೆದು ಇಂಗ್ಲಿಷಿನಲ್ಲಿದ್ದುದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ. ನಾಳ ಎಲ್ಲಿದೆ, ಎಷ್ಟುದ್ದ, ಅದರಲ್ಲಿ ಏನು ಬಲಿಯುತ್ತದೆ, ಯಾಕೆ ಮುಚ್ಚಿದೆ ಎಲ್ಲ ಹೇಳಿದೆ. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು. ಒಬ್ಬರೂ ಎದ್ದು ಹೋಗಲಿಲ್ಲ.

"ನಿಮ್ಮ ಅಮ್ಮ ಬರೀ ಕೆನ್ನೆ ಮುಟ್ಟಿ ಹೋಗ್ಲಿಲ್ಲ ಅತ್ತೆ. ಬಂಜೆ ನಾನಲ್ಲ. ಇವಳೂ ಅಲ್ಲ. ಅಲ್ಲಿ ಮಣೆ ಮೇಲೆ ಕೂತಿದಾನಲ್ಲ, ಅವನನ್ನ ಕೇಳಿ."

"ಸುಳ್ಳು ಅಂತ ಹೇಳೋ," ಅಂದರು ಅತ್ತೆ ಮಗನಿಗೆ. "ಹೇಳೋ ಮಗಾ."

ಅವನು ಕಾಲಿನ ಹೆಬ್ಬೆರಳು ನೋಡಿದ. ನಡುಮನೆಗೆಲ್ಲ ಅಷ್ಟು ಸಾಕಾಯಿತು. ಅತ್ತೆ ಗೋಡೆಗೆ ಒರಗಿ ಹಾಗೇ ಕುಸಿದು ಕೂತರು. "ಹೆಣ್ಣು ಮಗೀನ ಅವಳಿಗೇ ಕೊಟ್ನಲ್ಲ, ಇನ್ನೇನ್ ಬೇಕಿತ್ತಂತೆ," ಅಂತ ಸಣ್ಣ ದನಿಯಲ್ಲಿ ಅಂದರು. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ತುಂಬ ಖುಷಿಯಾಯಿತು. ಆರು ವರ್ಷ ಎದೆಯೊಳಗಿದ್ದ ಕೆಂಡಕ್ಕೆ ಕೊಡ ನೀರು ಸುರಿದ ಹಾಗಾಯಿತು. ಆರತಿ ತಟ್ಟೆಯಿಂದ ಒಂದು ಚೂರು ತಂಬಿಟ್ಟು ಮುರಿದು ಬಾಯಿಗೆ ಹಾಕಿಕೊಂಡು ಹೊರಗೆ ಬಂದೆ.

ಹುಡುಗಿ ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು ನನ್ನ ಹಿಂದೆಯೇ ಬಂದಳು. ಗೇಟಿನ ಹತ್ತಿರ ಕಾಗದ ಕೇಳಿದಳು, ಕೊಟ್ಟೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು. ಮೇಲಿನ ಮೂಲೆಯಲ್ಲಿ ಟೈಪಾಗಿದ್ದ ತಾರೀಖಿನ ಮೇಲೆ ಬೆರಳಿಟ್ಟು ವರ್ಷ ಎಣಿಸಿದಳು. ನಾನು ಆಟೋ ಕರೆಯಲು ಕೈ ಎತ್ತಿದೆ.

"ಅಕ್ಕಾ, ನೀವು ಹೋಳಿಗೆ ಕೊಡ್ಸಿದ್ರಲ್ಲ. ಅವತ್ತು ಇದು ನಿಮ್ಮ ಹತ್ರ ಇತ್ತಾ?"

ಅವಳು ನನ್ನ ಉತ್ತರಕ್ಕೆ ಕಾಯಲೂ ಇಲ್ಲ. ಎರಡೂ ಓಲೆ ಬಿಚ್ಚಿ, ಆ ಕಾಗದದಲ್ಲೇ ಸುತ್ತಿ ನನ್ನ ಕೈಗಿಟ್ಟು, ಒಡೆದ ಹಿಮ್ಮಡಿಯಲ್ಲಿ ನಿಧಾನವಾಗಿ ಬಸ್‌ಸ್ಟಾಪಿನ ಕಡೆ ನಡೆದಳು.